ರವಿಕೆಯ ಬೆನ್ನು ಮುಚ್ಚುವ ಮೊದಲು

"ಅಕ್ಕಾ, ಹಿಂದೆ ಕುತ್ತಿಗೆ ಸ್ವಲ್ಪ ಮೇಲೆ ಇಡಿ, ಆಯ್ತಾ?"

ಮದುವೆ ಸೀಸನ್ ಬಂತೆಂದರೆ ನನ್ನ ಅಂಗಡಿಯಲ್ಲಿ ಈ ಮಾತು ಕೇಳದ ದಿನವಿಲ್ಲ. ಮೊಬೈಲಿನಲ್ಲಿ ತೋರಿಸುವ ಫೋಟೋದಲ್ಲಿ ಬೆನ್ನು ಪೂರ್ತಿ ಕಾಣುವ ಡಿಸೈನ್ ಇರುತ್ತದೆ. ಹಿಂದೆ ಕಟ್ಟುವ ದಾರ, ದಾರದ ತುದಿಗೆ ಮುತ್ತಿನ ಗೊಂಡೆ. ಅಳತೆ ತೆಗೆಯಲು ನಿಂತಾಗ ಮಾತ್ರ ಹುಡುಗಿಯರ ದನಿ ಸಣ್ಣದಾಗುತ್ತದೆ. ಬೋಟ್ ನೆಕ್ ಮಾಡಿ, ಇಲ್ಲದಿದ್ದರೆ ನೆಟ್ ಹಾಕಿ ಮುಚ್ಚಿ ಎನ್ನುತ್ತಾರೆ. ಕಾರಣ ನನಗೆ ಕಾಣುತ್ತಿರುತ್ತದೆ. ಬೆನ್ನಿನ ಮೇಲೆ, ಭುಜದ ಮೇಲೆ ಮೊಡವೆ. ಹಳೆಯದರ ಕಪ್ಪು ಕಲೆ, ಅದರ ಪಕ್ಕದಲ್ಲೇ ಹೊಸದು.

ಉಡುಪಿಯ ಕುಂಜಿಬೆಟ್ಟಿನಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ತುಂಬಾ ವರ್ಷವಾಯಿತು. ಮೊಡವೆ ಏಳುವ ಜಾಗ ಮತ್ತು ನನ್ನ ಟೇಪು ಓಡಾಡುವ ಜಾಗ ಎರಡೂ ಒಂದೇ. ಬೆನ್ನಿನ ಮೇಲ್ಭಾಗ, ಭುಜ, ಎದೆಯ ಮೇಲ್ಭಾಗ. ನನ್ನ ಬೆನ್ನಿಗೂ ಕಾಲೇಜು ದಿನಗಳಿಂದ ಇದು ಇತ್ತು. ಮಣಿಪಾಲದಲ್ಲಿ ಚರ್ಮದ ಡಾಕ್ಟರ್ ಹತ್ತಿರ ಮದ್ದು ಮಾಡಿ ಈಗ ಹತೋಟಿಗೆ ಬಂದಿದೆ. ನಾನು ಡಾಕ್ಟರ್ ಅಲ್ಲ. ಅವರ ಹತ್ತಿರ ಕೇಳಿ ತಿಳಿದದ್ದು, ನನ್ನ ಬೆನ್ನಿನಲ್ಲಿ ಕಂಡದ್ದು, ಬಟ್ಟೆಯ ಬಗ್ಗೆ ನನಗೆ ಗೊತ್ತಿರುವುದು, ಇವಿಷ್ಟನ್ನು ಇಲ್ಲಿ ಬರೆಯುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಗೆ ನಾಲ್ಕೈದು ತಿಂಗಳು ಇರುವಾಗಲೇ ಡಾಕ್ಟರ್ ಹತ್ತಿರ ಹೋಗಿ. ನನ್ನ ಹತ್ತಿರ ಆಮೇಲೆ ಬಂದರೆ ಸಾಕು.

ಹುಡುಗಿಯ ಜೊತೆ ಬಂದ ಅಮ್ಮಂದಿರು ಹೇಳುವ ಒಂದು ಮಾತು ನನಗೆ ತುಂಬಾ ಬೇಜಾರು ತರಿಸುತ್ತದೆ. "ಇವಳು ಸರೀ ತಿಕ್ಕಿ ಮೀಯುದಿಲ್ಲ, ಅದಕ್ಕೇ." ಹುಡುಗಿ ತಲೆ ತಗ್ಗಿಸುತ್ತಾಳೆ. ಅವಳು ದಿನಕ್ಕೆ ಎರಡು ಸಲ ಮೀಯುವವಳೇ ಆಗಿರುತ್ತಾಳೆ, ಹೀರೆಕಾಯಿ ನಾರಿನಲ್ಲಿ ಬೆನ್ನು ಕೆಂಪಾಗುವಷ್ಟು ತಿಕ್ಕಿಕೊಂಡಿರುತ್ತಾಳೆ. ಮೊಡವೆ ಕೊಳೆಯಿಂದ ಬರುವುದಲ್ಲ. ಚರ್ಮದಲ್ಲಿ ಕೂದಲು ಹುಟ್ಟುವ ಸಣ್ಣ ಗುಳಿಗಳಿವೆ. ಪ್ರತಿ ಗುಳಿಗೂ ಅಂಟಿಕೊಂಡು ಎಣ್ಣೆ ತಯಾರಿಸುವ ಗ್ರಂಥಿ ಇರುತ್ತದೆ. ಹರೆಯದಲ್ಲಿ ಹಾರ್ಮೋನ್ ಏರಿದಾಗ ಈ ಎಣ್ಣೆ ಜಾಸ್ತಿಯಾಗುತ್ತದೆ. ಸತ್ತ ಚರ್ಮದ ಕಣಗಳು ಅದರ ಜೊತೆ ಸೇರಿ ಗುಳಿಯ ಬಾಯಿ ಕಟ್ಟಿಬಿಡುತ್ತವೆ. ಒಳಗೆ ಮೊದಲಿಂದಲೂ ಇರುವ ಬ್ಯಾಕ್ಟೀರಿಯಾಕ್ಕೆ ಆಗ ಒಳ್ಳೆಯ ಕಾಲ. ಜಾಗ ಕೆಂಪಾಗಿ, ಊದಿ, ಕೀವು ತುಂಬುತ್ತದೆ. ಅಂಗೈಯಲ್ಲಿ, ಅಂಗಾಲಿನಲ್ಲಿ ಈ ಗ್ರಂಥಿಗಳೇ ಇಲ್ಲ, ಹಾಗಾಗಿ ಅಲ್ಲಿ ಮೊಡವೆ ಏಳುವುದಿಲ್ಲ. ಮುಖ, ಎದೆ, ಬೆನ್ನಿನಲ್ಲಿ ಅವು ದೊಡ್ಡದಾಗಿ, ಒತ್ತೊತ್ತಾಗಿ ಇವೆ. ಇದೆಲ್ಲ ನಡೆಯುವುದು ಚರ್ಮದ ಒಳಗೆ. ಹೊರಗಿನಿಂದ ನಾರು ಹಾಕಿ ತಿಕ್ಕಿದರೆ ಚರ್ಮ ಗಾಯವಾಗುತ್ತದೆ, ಉರಿ ಹೆಚ್ಚುತ್ತದೆ, ಕಲೆ ಇನ್ನೂ ಗಾಢವಾಗುತ್ತದೆ.

ನಮ್ಮ ಊರಿನ ಹವೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಏಪ್ರಿಲ್, ಮೇಯಲ್ಲಿ ಸೆಕೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆವರು ಆರುವುದೇ ಇಲ್ಲ. ಕಲ್ಸಂಕದಿಂದ ಮಣಿಪಾಲಕ್ಕೆ ಸಿಟಿ ಬಸ್ಸಿನಲ್ಲಿ ನಿಂತು ಹೋದರೆ ಸಾಕು, ರವಿಕೆಯ ಬೆನ್ನು ಒದ್ದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಇನ್ನೊಂದು ಕಷ್ಟ, ಒಗೆದ ಬಟ್ಟೆ ಒಣಗುವುದಿಲ್ಲ. ಅರ್ಧ ಒಣಗಿದ ಬನಿಯನ್ನು, ಬ್ರಾ ಹಾಗೇ ಹಾಕಿಕೊಂಡು ಕೆಲಸಕ್ಕೆ ಓಡುತ್ತೇವೆ. ಮಳೆಗಾಲದಲ್ಲಿ ಒಳಬಟ್ಟೆಯನ್ನು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಐದು ನಿಮಿಷದ ಕೆಲಸ ಅದು.

ಇನ್ನು ತೆಂಗಿನೆಣ್ಣೆ. ಇದನ್ನು ಹೇಳಿದರೆ ಅಜ್ಜಿಯಂದಿರಿಗೆ ಸಿಟ್ಟು ಬರುತ್ತದೆ, ನನಗೂ ಹೇಳಲು ಮನಸ್ಸಿಲ್ಲ. ತಲೆಗೆ ಧಾರಾಳ ಎಣ್ಣೆ ಹಾಕಿ, ಉದ್ದ ಜಡೆ ಹೆಣೆದು, ಇಡೀ ದಿನ ಅದು ಬೆನ್ನಿಗೆ ಉಜ್ಜುತ್ತಿದ್ದರೆ ಆ ಎಣ್ಣೆ ಬೆನ್ನಿನ ಗುಳಿಗಳಿಗೆ ಇಳಿಯುತ್ತದೆ. ತೆಂಗಿನೆಣ್ಣೆ ಗುಳಿಗಳ ಬಾಯಿ ಕಟ್ಟುವ ಗುಣ ಇರುವ ಎಣ್ಣೆ. ತಲೆಗೆ ಹಾಕಬೇಡಿ ಅಂತ ಹೇಳುತ್ತಿಲ್ಲ. ಮೊಡವೆ ಇರುವವರು ಮೀಯುವ ಒಂದು ಗಂಟೆ ಮೊದಲು ಹಾಕಿ, ತೊಳೆದುಬಿಡಿ. ಬೆನ್ನಿಗೆ, ಎದೆಗೆ ಸವರುವುದು ಬೇಡ. ಕಂಡೀಷನರ್ ಕೂಡ ಹಾಗೆಯೇ. ತಲೆಯಿಂದ ಇಳಿದು ಬೆನ್ನಿನಲ್ಲಿ ಅಂಟಿಕೊಳ್ಳುತ್ತದೆ. ಮೊದಲು ತಲೆ ತೊಳೆದು, ಕೂದಲನ್ನು ಮೇಲೆ ಕಟ್ಟಿ, ಕೊನೆಗೆ ಬೆನ್ನಿಗೆ ಸೋಪು ಹಾಕಿ. ನನ್ನ ಡಾಕ್ಟರ್ ಹೇಳಿದ ಸಣ್ಣ ವಿಷಯ ಇದು. ಖರ್ಚಿಲ್ಲದೆ ಉಪಕಾರವಾದದ್ದು ಇದರಿಂದಲೇ.

ಬೆನ್ನಿನಲ್ಲಿ ಕಾಣುವ ಗುಳ್ಳೆ ಎಲ್ಲವೂ ಮೊಡವೆ ಅಲ್ಲ. ನನಗೆ ಇದು ಗೊತ್ತಾದದ್ದು ನನ್ನ ಅಣ್ಣನ ಮಗನಿಂದ. ಅವನು ಅಷ್ಟಮಿಗೆ ಹುಲಿವೇಷ ಹಾಕುತ್ತಾನೆ. ವೇಷಕ್ಕೆ ಮೊದಲು ಎದೆ, ಬೆನ್ನಿನ ಕೂದಲು ಬೋಳಿಸುತ್ತಾರೆ. ಆಮೇಲೆ ಇಡೀ ಮೈಗೆ ಪೇಂಟ್. ಆ ಬಣ್ಣ ಹೊತ್ತುಕೊಂಡು ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಮುಗಿಯುವವರೆಗೆ ತಾಸೆ ವಾದ್ಯದ ಬಡಿತಕ್ಕೆ ಕುಣಿತ. ಬಣ್ಣ ತೆಗೆಯುವಾಗ ಸೀಮೆಎಣ್ಣೆ ಹಚ್ಚಿ ಉಜ್ಜುವುದು. ಒಂದು ವರ್ಷ ಅವನ ಬೆನ್ನು, ಎದೆ ತುಂಬಾ ಸಣ್ಣ ಸಣ್ಣ ಗುಳ್ಳೆ ಎದ್ದವು. ಮೊಡವೆ ಅಂತ ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದ. ಜಾಸ್ತಿಯಾಯಿತು. ರಾತ್ರಿ ಮಲಗಲು ಬಿಡದಷ್ಟು ತುರಿಕೆ. ಡಾಕ್ಟರ್ ಒಂದು ಗುಳ್ಳೆಯಿಂದ ಸ್ವಲ್ಪ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಫಂಗಸ್ ಎಂದರು. ಮಲಸೇಜಿಯಾ ಅಂತ ಅದರ ಹೆಸರು. ಎಲ್ಲರ ಚರ್ಮದ ಮೇಲೂ ಇರುವಂಥದ್ದು. ಸೆಕೆ, ಬೆವರು, ಎಣ್ಣೆ ಸಿಕ್ಕಿದಾಗ ಕೂದಲ ಗುಳಿಯೊಳಗೆ ಜಾಸ್ತಿಯಾಗುತ್ತದೆ. ಆ್ಯಂಟಿಬಯೋಟಿಕ್ ತಿಂದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಇದಕ್ಕೆ ಇನ್ನೂ ಜಾಗ ಸಿಗುತ್ತದೆ. ಫಂಗಸ್ ಮದ್ದಾದ ಕೀಟೊಕೊನಜೋಲ್ ಇರುವ ಶಾಂಪೂವನ್ನು ಮೈಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಲು ಹೇಳಿದರು, ಜೊತೆಗೆ ಮಾತ್ರೆಯನ್ನೂ ಕೊಟ್ಟರು. ತುರಿಕೆ ಬೇಗ ನಿಂತಿತು.

ಇವೆರಡರ ವ್ಯತ್ಯಾಸ ಗಮನಿಸಿದರೆ ಸುಮಾರಾಗಿ ಗೊತ್ತಾಗುತ್ತದೆ. ಫಂಗಸ್‌ನ ಗುಳ್ಳೆಗಳು ಹೆಚ್ಚುಕಡಿಮೆ ಒಂದೇ ಗಾತ್ರ, ಸಾಸಿವೆ ಕಾಳಿನಷ್ಟು, ತುರಿಕೆ ಜಾಸ್ತಿ. ಮೊಡವೆಯಲ್ಲಿ ದೊಡ್ಡದು, ಸಣ್ಣದು, ಕಪ್ಪು ತಲೆಯದು, ಒಳಗೆ ಗಂಟಾದದ್ದು ಎಲ್ಲ ಬೆರಕೆ. ತುರಿಕೆಗಿಂತ ನೋವು ಹೆಚ್ಚು. ಎರಡೂ ಒಟ್ಟಿಗೇ ಇರುವವರೂ ಇದ್ದಾರೆ, ಹಾಗಾಗಿ ಕೊನೆಯ ಮಾತು ಡಾಕ್ಟರದ್ದೇ. ಬೇಸಿಗೆಯ ಬೆವರುಸಾಲೆ ಇನ್ನೊಂದು ಜಾತಿ. ಅಲ್ಲಿ ಕಟ್ಟಿಕೊಳ್ಳುವುದು ಬೆವರಿನ ನಾಳ. ಚುಚ್ಚಿದ ಹಾಗೆ ಆಗುತ್ತದೆ, ಫ್ಯಾನಿನ ಕೆಳಗೆ ತಂಪಾಗಿ ಕೂತರೆ ಇಳಿಯುತ್ತದೆ. ತೋಳಿನ ಮೇಲ್ಭಾಗದಲ್ಲಿ ಒರಟಾಗಿ ಕೈಗೆ ಸಿಗುವ ಸಣ್ಣ ಗುಳ್ಳೆಗಳಿಗಾಗಿ ತೋಳು ಉದ್ದ ಮಾಡಿಸುವವರು ನನ್ನಲ್ಲಿಗೆ ತುಂಬಾ ಬರುತ್ತಾರೆ. ಅದೂ ಮೊಡವೆ ಅಲ್ಲ. ಕೂದಲ ಬುಡದಲ್ಲಿ ಚರ್ಮದ ಕೆರಾಟಿನ್ ಎಂಬ ಪ್ರೋಟೀನ್ ಗಟ್ಟಿಯಾಗಿ ನಿಂತಿರುವುದು. ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಇರುವ ಕ್ರೀಮ್ ಹಚ್ಚುತ್ತಿದ್ದರೆ ನುಣುಪಾಗುತ್ತದೆ. ಆ ಗುಳ್ಳೆಗಳಿಂದ ಯಾವ ಅಪಾಯವೂ ಇಲ್ಲ. ಆದರೆ ಕಂಕುಳಲ್ಲಿ, ತೊಡೆ ಸಂದಿಯಲ್ಲಿ ನೋವಿನ ಗಂಟು ಎದ್ದು, ಒಡೆದು, ಮತ್ತೆ ಅಲ್ಲೇ ಏಳುತ್ತಿದ್ದರೆ ನಾಚಿಕೆ ಬಿಟ್ಟು ಬೇಗ ತೋರಿಸಿ. ಅದು ಬೇರೆಯೇ ಕಾಯಿಲೆ ಆಗಿರಬಹುದು. ಬಿಟ್ಟಷ್ಟೂ ಒಳಗೆ ಬೇರು ಬಿಡುತ್ತದೆ.

ಈಗ ಮದ್ದಿನ ವಿಷಯ. ಅಂಗಡಿಗೆ ಒಂದು ಮೆರೂನ್ ರವಿಕೆ ಬಂದಿತ್ತು, ಆಲ್ಟ್ರೇಷನ್‌ಗೆ. ಒಳಗಿನಿಂದ ಬೆನ್ನಿನ ಭಾಗ ಪೂರ್ತಿ ಕಿತ್ತಳೆ ಬಣ್ಣದ ಮಚ್ಚೆ. "ಬಟ್ಟೆ ಮೋಸ ಅಕ್ಕ, ಬೆವರಿಗೇ ಬಣ್ಣ ಹೋಯ್ತು" ಎಂದಳು ಆ ಹುಡುಗಿ. ನಾನು ಕೇಳಿದೆ, ಬೆನ್ನಿಗೆ ಎಂತ ಹಚ್ಚುತ್ತಿ? ಬೆಂಝಾಯಿಲ್ ಪೆರಾಕ್ಸೈಡ್. ಅದು ಬ್ಲೀಚ್ ಮಾಡುವ ವಸ್ತು, ಬಟ್ಟೆಯ ಬಣ್ಣ ತಿನ್ನುತ್ತದೆ. ಟವೆಲ್, ಹಾಸಿಗೆ ಬಟ್ಟೆ, ರವಿಕೆ ಯಾವುದನ್ನೂ ಬಿಡುವುದಿಲ್ಲ. ಮದ್ದು ಮಾತ್ರ ಒಳ್ಳೆಯದೇ. ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಒಗ್ಗಿಹೋಗುವ ಭಯ ಇಲ್ಲ. ಬೆನ್ನಿಗಾದರೆ ಮೈ ತೊಳೆಯುವ ರೂಪದ್ದು ಸುಲಭ. ಹಚ್ಚಿ, ಎರಡರಿಂದ ಐದು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಬಿಳಿ ಟವೆಲ್‌ನಲ್ಲಿ ಒರೆಸಿಕೊಳ್ಳಿ. ರಾತ್ರಿ ಬಿಳಿ ಬನಿಯನ್ನು ಹಾಕಿ. ರೇಷ್ಮೆ ರವಿಕೆ ಹಾಕುವ ದಿನ ಅದನ್ನು ಮುಟ್ಟಲೇಬೇಡಿ. ಕಡಿಮೆ ಶಕ್ತಿಯದರಿಂದ, 2.5 ಶೇಕಡದಿಂದ ಶುರು ಮಾಡಿದರೆ ಉರಿ ಕಡಿಮೆ.

ಗುಳಿಯ ಬಾಯಿ ಬಿಡಿಸಲು 2 ಶೇಕಡ ಸ್ಯಾಲಿಸಿಲಿಕ್ ಆಸಿಡ್ ಇರುವ ಬಾಡಿ ವಾಶ್ ಸಿಗುತ್ತದೆ. ರಾತ್ರಿ ಹಚ್ಚಲು ಅಡಾಪಲೀನ್ ಜೆಲ್ ಬರೆದುಕೊಡುತ್ತಾರೆ. ಮೊದಲ ಕೆಲವು ವಾರ ಚರ್ಮ ಒಣಗಿ ಸಿಪ್ಪೆ ಏಳಬಹುದು, ಮೊಡವೆ ಒಂದಿಷ್ಟು ಹೆಚ್ಚಾದಂತೆಯೂ ಕಾಣಬಹುದು. ತುಂಬಾ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಯಾವ ಮದ್ದಾದರೂ ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಲು ಎಂಟರಿಂದ ಹನ್ನೆರಡು ವಾರ ಬೇಕು. ನಾಲ್ಕೈದು ತಿಂಗಳು ಮೊದಲೇ ಹೋಗಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಮೇ ತಿಂಗಳ ಮದುವೆಗೆ ಏಪ್ರಿಲ್ ಕೊನೆಗೆ ಮದ್ದು ಹುಡುಕಿದರೆ ಡಾಕ್ಟರ್ ಆದರೂ ಏನು ಮಾಡಬೇಕು? ಮದುವೆಯ ವಾರದಲ್ಲಿ ಹೊಸ ಕ್ರೀಮ್ ಹಚ್ಚಿ ಬೆನ್ನು ಕೆಂಡದಂತೆ ಕೆಂಪಾಗಿ ಬಂದವರನ್ನೂ ನೋಡಿದ್ದೇನೆ.

ಬೆನ್ನಿನ ಚರ್ಮ ಮುಖಕ್ಕಿಂತ ದಪ್ಪ, ಜಾಗವೂ ದೊಡ್ಡದು, ಕೈಯೂ ಎಟುಕುವುದಿಲ್ಲ. ಹಾಗಾಗಿ ಗಂಟು ಗಂಟಾಗಿ ಎದ್ದಿದ್ದರೆ ಹಚ್ಚುವ ಮದ್ದು ಮಾತ್ರ ಸಾಲುವುದಿಲ್ಲ, ಮಾತ್ರೆ ಬೇಕಾಗುತ್ತದೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ, ಕೂಡಲೇ ಮಲಗಬೇಡಿ. ಗಂಟಲ ಕೆಳಗೆ ನಾಳದಲ್ಲಿ ಸಿಕ್ಕಿದರೆ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಮಲ್ಪೆ ಬೀಚಿಗೆ ಮಧ್ಯಾಹ್ನ ಹೋಗುವ ಯೋಚನೆ ಬಿಡಿ.

ಇನ್ನೊಂದು ಮಾತ್ರೆ ಐಸೊಟ್ರೆಟಿನಾಯಿನ್. ತೀವ್ರವಾದ ಮೊಡವೆಗೆ ತುಂಬಾ ಪರಿಣಾಮಕಾರಿ. ಮದುಮಗಳಿಗೆ ನಾನು ಇದರ ಬಗ್ಗೆ ಬಾಯಿ ಬಿಟ್ಟೇ ಹೇಳುತ್ತೇನೆ, ಯಾಕೆಂದರೆ ನಮ್ಮ ಹುಡುಗಿಯರು ಡಾಕ್ಟರ್ ಎದುರು ಮದುವೆಯ ವಿಷಯ ಎತ್ತಲು ನಾಚುತ್ತಾರೆ. ಈ ಮಾತ್ರೆ ತಿನ್ನುವಾಗ ಗರ್ಭ ನಿಲ್ಲಲೇಬಾರದು. ಮಾತ್ರೆ ನಿಲ್ಲಿಸಿದ ಮೇಲೂ ಒಂದು ತಿಂಗಳು ಕಾಯಬೇಕು. ಮಗುವಿಗೆ ದೊಡ್ಡ ಅಂಗದೋಷಗಳಾಗಬಹುದು. ಆದ್ದರಿಂದ ಮದುವೆ ದಿನಾಂಕ ಇಂಥದ್ದು ಅಂತ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ತುಟಿ ಒಣಗುತ್ತದೆ, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಪಾರ್ಲರಿನಲ್ಲಿ ಬೆನ್ನಿಗೆ ವ್ಯಾಕ್ಸಿಂಗ್ ಮಾಡಿಸುವವರು ಇದನ್ನೂ ನೆನಪಿಡಿ. ಈ ಮಾತ್ರೆ ತಿನ್ನುವಾಗ, ಕೋರ್ಸ್ ಮುಗಿದು ಕೆಲವು ತಿಂಗಳವರೆಗೂ ಚರ್ಮ ನಾಜೂಕಾಗಿರುತ್ತದೆ. ವ್ಯಾಕ್ಸ್ ಎಳೆದರೆ ಚರ್ಮವೇ ಕಿತ್ತು ಬರಬಹುದು. ಅಡಾಪಲೀನ್ ಹಚ್ಚುವ ಜಾಗಕ್ಕೂ ವ್ಯಾಕ್ಸ್ ಬೇಡ.

ಮುಟ್ಟು ಸರಿಯಾಗಿ ಆಗದೆ, ಗಲ್ಲದ ಮೇಲೆ ಕೂದಲು ಬಂದು, ಜೊತೆಗೆ ಮೊಡವೆಯೂ ಇದ್ದರೆ ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇದೆಯಾ ಅಂತ ನೋಡುತ್ತಾರೆ. ಜಿಮ್‌ಗೆ ಹೋಗುವ ಹುಡುಗರು ಬೇಗ ಮೈ ಬರಲಿ ಅಂತ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದಲೂ ಬೆನ್ನು ತುಂಬಾ ಏಳುತ್ತದೆ. ಡಾಕ್ಟರ್ ಹತ್ತಿರ ಅದನ್ನು ಮುಚ್ಚಿಡಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಮೆಡಿಕಲ್‌ನಲ್ಲಿ ಸಿಗುವ ಸಣ್ಣ ಟ್ಯೂಬುಗಳು. ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಮದ್ದು ಮೂರೂ ಒಂದರಲ್ಲೇ ಬೆರೆಸಿದವು. ಅಕ್ಕಪಕ್ಕದವರು ಹೇಳಿದರು, ತಂದು ಹಚ್ಚಿದರು. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಎಂಥಾ ಒಳ್ಳೆ ಮದ್ದು ಅಂತ ಅನಿಸುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟು ಬರುತ್ತದೆ. ಸ್ಟೀರಾಯ್ಡ್ ಕ್ರೀಮ್ ಹಚ್ಚಿ ಹಚ್ಚಿಯೇ ಮೊಡವೆ ಏಳುತ್ತದೆ, ಚರ್ಮ ತೆಳುವಾಗುತ್ತದೆ, ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ. ದಯವಿಟ್ಟು ಡಾಕ್ಟರ್ ಚೀಟಿ ಇಲ್ಲದೆ ಇದನ್ನು ತರಬೇಡಿ. ಟೂತ್‌ಪೇಸ್ಟ್, ಲಿಂಬೆರಸ, ಅಡುಗೆ ಸೋಡಾ ಕೂಡ ಬೇಡ. ಉರಿಯುತ್ತದೆ ಅಷ್ಟೇ.

ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆಗೆ ಅಳುವವರು ಹೆಚ್ಚು. ನಮ್ಮ ಬಣ್ಣದ ಚರ್ಮಕ್ಕೆ ಅದು ಸಹಜ. ಹೊಸ ಮೊಡವೆ ಏಳುವುದು ನಿಂತರೆ ಕಲೆಗಳು ತಿಂಗಳುಗಟ್ಟಲೆ ತೆಗೆದುಕೊಂಡು ತಾವಾಗಿಯೇ ತಿಳಿಯಾಗುತ್ತವೆ. ನನ್ನ ಬೆನ್ನಿನವು ಹಾಗೆಯೇ ಹೋದವು. ಬಿಸಿಲು ಬಿದ್ದರೆ ನಿಧಾನ, ಹಿಸುಕಿದರೆ ಇನ್ನೂ ನಿಧಾನ. ಎದೆ, ಭುಜ, ಬೆನ್ನಿನ ಮೇಲ್ಭಾಗದಲ್ಲಿ ಹಿಸುಕಿ ಗಾಯ ಮಾಡಿಕೊಂಡರೆ ಕೆಲವರಿಗೆ ಕೀಲಾಯ್ಡ್ ಬರುತ್ತದೆ. ಗಾಯ ಮಾಗಿದ ಮೇಲೂ ಮಾಂಸ ಉಬ್ಬಿ ಗಟ್ಟಿಯಾಗಿ ಬೆಳೆಯುತ್ತಾ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಹಾಗೆ ಆದದ್ದು ಇದ್ದರೆ ಮೊಡವೆಯನ್ನು ಸಣ್ಣದಿರುವಾಗಲೇ ತೋರಿಸಿ.

ಖರ್ಚಿಗೆ ಹೆದರಿ ಕೂತವರಿಗೆ, ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಚರ್ಮದ ವಿಭಾಗ ಇದೆ. ಪಾರ್ಲರಿನ ಬೆನ್ನಿನ ಫೇಶಿಯಲ್‌ಗೆ ಹಾಕುವ ದುಡ್ಡಿನಲ್ಲಿ ಒಂದು ಸಲ ಡಾಕ್ಟರಿಗೆ ತೋರಿಸಬಹುದು.

ಇನ್ನು ನನ್ನ ಕೆಲಸದ ಮಾತು. ಬಿಗಿ ಬಟ್ಟೆ ಉಜ್ಜಿ, ಒಳಗೆ ಬೆವರು ನಿಂತರೆ ಮೊಡವೆ ಕೆರಳುತ್ತದೆ. ಬ್ರಾ ಪಟ್ಟಿಯ ಕೆಳಗೆ, ಬ್ಯಾಗಿನ ಪಟ್ಟಿಯ ಕೆಳಗೆ ಸಾಲಾಗಿ ಎದ್ದಿರುವುದು ಇದರಿಂದಲೇ. ಕ್ರೇಪ್, ಸ್ಯಾಟಿನ್ ಲೈನಿಂಗ್ ನೋಡಲು ಚೆಂದ, ಬೆವರು ಹೀರುವುದಿಲ್ಲ. ಮೊಡವೆ ಇರುವವರಿಗೆ ನಾನು ಕಾಟನ್ ಲೈನಿಂಗನ್ನೇ ಹಾಕುತ್ತೇನೆ. ಕಾಟನ್ ಲೈನಿಂಗನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ, ಬೆನ್ನಿಗೆ ಕಚ್ಚಿ ಹಿಡಿಯುತ್ತದೆ. ಬೆನ್ನಿನ ಅಳತೆಯಲ್ಲಿ ಅರ್ಧ ಇಂಚು ಸಡಿಲ ಬಿಡುತ್ತೇನೆ. ಫೋಟೋದಲ್ಲಿ ಆ ಅರ್ಧ ಇಂಚು ಯಾರಿಗೂ ಕಾಣುವುದಿಲ್ಲ. ಮುಹೂರ್ತ ಮುಗಿದು ಊಟಕ್ಕೆ ಕೂರುವ ಮೊದಲು ರವಿಕೆ ಬದಲಿಸಲು ಇನ್ನೊಂದು ಇಟ್ಟುಕೊಳ್ಳಿ, ಆಗದಿದ್ದರೆ ಒಳಗೆ ಹೋಗಿ ಬೆನ್ನಿನ ಬೆವರನ್ನಾದರೂ ಒತ್ತಿ ಒರೆಸಿಕೊಳ್ಳಿ.

ಬೋಟ್ ನೆಕ್ ಬೇಕು ಅಂದವರಿಗೆ ಬೋಟ್ ನೆಕ್ ಹೊಲಿಯುತ್ತೇನೆ. ಕಲೆಗಳ ಜೊತೆಗೇ ಬೆನ್ನು ಬಿಟ್ಟು ಹೊಲಿಸಿಕೊಂಡವರೂ ಇದ್ದಾರೆ, ಅವರಿಗೆ ದಾರ, ಗೊಂಡೆ ಎಲ್ಲ ಹಾಕಿ ಮನಸ್ಸಿಟ್ಟು ಹೊಲಿದಿದ್ದೇನೆ. ಅಳತೆಯ ಕೋಣೆಗೆ ಈಗ ಪರದೆ, ಒಂದು ಫ್ಯಾನ್ ಹಾಕಿಸಿದ್ದೇನೆ. ಅಮ್ಮಂದಿರನ್ನು ಹೊರಗೆ ಕುರ್ಚಿಯಲ್ಲಿ ಕೂರಿಸುತ್ತೇನೆ. ಲೈನಿಂಗ್ ನೀವೇ ತರುವುದಾದರೆ ಒಂದು ಮೀಟರ್ ಕಾಟನ್ ತನ್ನಿ, ನೆನೆಸಿ ಒಣಗಿಸುವುದನ್ನು ನಾನು ಮಾಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಮಾತ್ರ ಅದಕ್ಕೆ ಎರಡು ದಿನ ಜಾಸ್ತಿ ಕೊಡಬೇಕು.